ಹಳೇ ಸೈನ್ಸ್ ಫಿಕ್ಷನ್ ಸೀರಿಯಲ್, ಸಿನಿಮಾಗಳಲ್ಲಿ ನಿಮಗೆ ಹಿಡಿಸಿದ್ದು ಯಾವುದು, ಯಾಕೆ?

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಯಾವ ಆಕಾಶನೌಕೆಗೆ ಎಷ್ಟು ಎಂಜಿನ್, ಯಾವ ಗ್ರಹದವರದು ಯಾವ ಭಾಷೆ ಅಂತೆಲ್ಲ ನೆನಪಿಟ್ಟುಕೊಳ್ಳುವವರ ಪೈಕಿ ನಾನಲ್ಲ. ರಾತ್ರಿ ಊಟ ಆದಮೇಲೆ ಸ್ವಲ್ಪ ಹೊತ್ತು ಸಿಕ್ಕರೆ ಹಳೇ ಸೈನ್ಸ್ ಫಿಕ್ಷನ್ ಏನಾದರೂ ಹಾಕಿಕೊಂಡು ಕೂರುತ್ತೇನೆ, ಅಷ್ಟೇ. ಹೀಗೆ ನೋಡ್ತಾ ನೋಡ್ತಾ ನನಗೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಅನ್ನುವುದು ಗೊತ್ತಾಗುತ್ತಾ ಬಂದಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದನ್ನೂ ಹೇಳಿ.

ನನಗೆ ಎಲ್ಲಕ್ಕಿಂತ ಮೊದಲು ಟ್ವೈಲೈಟ್ ಝೋನ್. 1959ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಗಿ 1964ರವರೆಗೆ ಬಂತು. ಒಟ್ಟು 156 ಕಂತು. ಅದರಲ್ಲಿ 92 ಕಂತು ರಾಡ್ ಸರ್ಲಿಂಗ್ ಒಬ್ಬರೇ ಬರೆದದ್ದು. ಕಪ್ಪು ಬಿಳುಪು, ಹೆಚ್ಚಿನವು ಅರ್ಧ ಗಂಟೆಯವು. ಪ್ರತಿ ಸಲವೂ ಹೊಸ ಕಥೆ, ಹೊಸ ಜನ. ಹಿಂದಿನದು ನೋಡಿಲ್ಲ ಅಂತ ಕೊರಗುವ ಹಾಗೇ ಇಲ್ಲ.

ಮೇಪಲ್ ಬೀದಿಗೆ ರಾಕ್ಷಸರು ಬರುವ 1960ರ ಕಂತು ನೋಡಿದ್ದೀರಾ? ಒಂದು ಸಾಮಾನ್ಯ ಬೀದಿ. ಸಂಜೆ ಹೊತ್ತು ಆಕಾಶದಲ್ಲಿ ಏನೋ ಮಿಂಚಿ ಹೋಗುತ್ತದೆ. ಕರೆಂಟ್ ಹೋಗುತ್ತದೆ, ಫೋನ್ ಸತ್ತುಹೋಗುತ್ತದೆ, ಕಾರುಗಳು ಸ್ಟಾರ್ಟ್ ಆಗುವುದಿಲ್ಲ. ಕಥೆ ಪುಸ್ತಕ ಓದುವ ಒಬ್ಬ ಹುಡುಗ, ಅನ್ಯಗ್ರಹದವರು ಬರುವ ಮೊದಲು ನಮ್ಮ ಹಾಗೇ ಕಾಣುವ ಒಂದು ಸಂಸಾರವನ್ನು ಕಳಿಸಿರುತ್ತಾರೆ ಅನ್ನುತ್ತಾನೆ. ಅಷ್ಟು ಹೇಳಿದ್ದೇ ತಡ. ಒಬ್ಬರ ಕಾರು ತಾನಾಗಿ ಸ್ಟಾರ್ಟ್ ಆಗುತ್ತದೆ. ಅವರು ರಾತ್ರಿ ಹೊತ್ತು ಆಕಾಶ ನೋಡ್ತಾ ನಿಂತಿದ್ದನ್ನು ಇನ್ನೊಬ್ಬರು ಕಂಡಿರುತ್ತಾರೆ. ಅದೂ ಈಗ ಸಾಕ್ಷಿ ಆಗುತ್ತದೆ! ಕತ್ತಲಲ್ಲಿ ಯಾರೋ ನಡೆದು ಬರುತ್ತಾರೆ, ಒಬ್ಬ ಬಂದೂಕು ಹಾರಿಸುತ್ತಾನೆ. ಸತ್ತವನು ಪಕ್ಕದ ಬೀದಿಯಲ್ಲಿ ಕರೆಂಟ್ ಇದೆಯಾ ಅಂತ ನೋಡಿಕೊಂಡು ಬರಲು ಹೋಗಿದ್ದ ನೆರೆಮನೆಯವನು. ಇಡೀ ಕಂತಿನಲ್ಲಿ ಅನ್ಯಗ್ರಹದವರ ಕೆಲಸ ಅಂದರೆ ಕೆಲವು ಸ್ವಿಚ್ ಆರಿಸಿ ಹಚ್ಚುವುದು. ಉಳಿದದ್ದನ್ನೆಲ್ಲ ಬೀದಿಯವರೇ ಮಾಡಿಕೊಳ್ಳುತ್ತಾರೆ.

ಎರಡನೆಯದು ಹಳೇ ಸ್ಟಾರ್ ಟ್ರೆಕ್, ಆಕಾಶನೌಕೆಯೊಂದರ ಜನ ಗ್ರಹದಿಂದ ಗ್ರಹಕ್ಕೆ ತಿರುಗುವ ಸೀರಿಯಲ್. 1966ರಿಂದ 1969ರವರೆಗೆ ಬಂದ 79 ಕಂತುಗಳು. ಎಲ್ಲವೂ ಚೆನ್ನಾಗಿವೆ ಅಂತ ಹೇಳಲಾರೆ, ಮೂರನೇ ವರ್ಷದಲ್ಲಿ ತೀರಾ ಸಪ್ಪೆಯಾದವು ಇವೆ. ಆದರೆ 1967ರ ‘ದಿ ಡೆವಿಲ್ ಇನ್ ದಿ ಡಾರ್ಕ್’ ಒಂದು ಸಾಕು. ಗಣಿಯೊಳಗೆ ಯಾವುದೋ ಪ್ರಾಣಿ ಕೆಲಸಗಾರರನ್ನು ಸುಟ್ಟು ಕೊಲ್ಲುತ್ತಿದೆ. ಕಲ್ಲಿನಂಥ ಮೈ, ಬಂಡೆಯನ್ನೇ ಕರಗಿಸಿ ಸುರಂಗ ಮಾಡಿಕೊಂಡು ಓಡಾಡುತ್ತದೆ. ಗಣಿಯ ಮೇಲಧಿಕಾರಿಯ ಮೇಜಿನ ಮೇಲೆ ಒಂದು ದುಂಡಗಿನ ಕಲ್ಲು ಇರುತ್ತದೆ, ನೋಡಿದ್ದೀರಾ? ಅಂಥವು ಕೆಳಗೆ ಸಾವಿರಾರು ಇವೆ, ಯಾವ ಕೆಲಸಕ್ಕೂ ಬರುವುದಿಲ್ಲ ಅಂತ ಮಾತಿನ ನಡುವೆ ಬಂದು ಹೋಗುತ್ತದೆ. ಅವು ಅದರ ಮೊಟ್ಟೆಗಳು. ಗಣಿಯವರು ಒಡೆದು ಹಾಕುತ್ತಿದ್ದದ್ದು ಅವನ್ನೇ. ಬೇರೆಯವರ ಮನಸ್ಸು ಓದಬಲ್ಲ ನೌಕೆಯ ಅಧಿಕಾರಿ ಸ್ಪಾಕ್ ಅದರ ಮೈ ಮೇಲೆ ಕೈ ಇಟ್ಟು ಅದರ ನೋವನ್ನು ತನ್ನ ಬಾಯಲ್ಲಿ ಕೂಗುವ ದೃಶ್ಯ ಬಂದಾಗ ನಾನು ಇವತ್ತಿಗೂ ಸರಿಯಾಗಿ ಕೂರಲಾರೆ. ಆ ಪ್ರಾಣಿ ಅಂದರೆ ರಬ್ಬರ್ ಹೊದಿಕೆಯ ಕೆಳಗೆ ತೆವಳುತ್ತಿರುವ ಒಬ್ಬ ಕಲಾವಿದ. ಅದು ಕಣ್ಣಿಗೆ ಕಾಣುತ್ತದೆ. ಆದರೂ ಏನೂ ಕಡಿಮೆ ಆಗುವುದಿಲ್ಲ.

ನನಗೆ ಅನ್ನಿಸುವುದು ಇದು. ಆಗ ಅವರ ಹತ್ತಿರ ದುಡ್ಡಿರಲಿಲ್ಲ. ವಾರ ವಾರ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವುದು ದುಬಾರಿ ಅಂತಲೇ ಮನುಷ್ಯರನ್ನು ಬೆಳಕು ಮಾಡಿ ಕೆಳಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದು. ತೋರಿಸುವುದಕ್ಕೆ ಏನೂ ಇಲ್ಲದಿದ್ದಾಗ ಭಾರ ಪೂರ್ತಿ ಬರೆಯುವವರ ಮೇಲೆ, ನಟರ ಮುಖದ ಮೇಲೆ ಬೀಳುತ್ತದೆ. ಒಂದೇ ಒಂದು ವಿಚಿತ್ರ ಸಂಗತಿ ಇಟ್ಟು, ಈಗ ಈ ಮನುಷ್ಯ ಏನು ಮಾಡುತ್ತಾನೆ ಅಂತ ಕೇಳುವ ಕಥೆ ನನಗೆ ಬೇಕು.

ಅದಕ್ಕೇ ಇರಬೇಕು, 1977ರ ಸ್ಟಾರ್ ವಾರ್ಸ್ ನನ್ನನ್ನು ಹಿಡಿದು ಕೂರಿಸಲಿಲ್ಲ. ಚೆನ್ನಾಗಿದೆ, ಓಡುತ್ತದೆ, ಮುಗಿದ ಮೇಲೆ ನನ್ನ ಜೊತೆ ಏನೂ ಬರುವುದಿಲ್ಲ. 2001 ಎಂಬ ಸಿನಿಮಾ ಕಂಡರೆ ಗೌರವ ಇದೆ, ಪ್ರೀತಿ ಇನ್ನೂ ಬಂದಿಲ್ಲ.

ಬೆಂಕಿಪೊಟ್ಟಣ

ಶರಾವತಿ ಸರ್, ಬರಹ ಇಷ್ಟವಾಯಿತು. ಆದರೆ ಸ್ಟಾರ್ ವಾರ್ಸ್ ಬಗ್ಗೆ ನೀವು ಹೇಳಿದ್ದನ್ನು ಖಂಡಿತ ಒಪ್ಪಲಾರೆ.

ನೀವು ಪ್ರಶ್ನೆ ಹುಡುಕಿಕೊಂಡು ಹೋಗಿದ್ದೀರಿ, ಅಲ್ಲಿ ಇರುವುದು ಲೋಕ. ಅದಕ್ಕಿಂತ ಮೊದಲಿನ ಬಹಳಷ್ಟು ಸಿನಿಮಾಗಳಲ್ಲಿ ರಾಕೆಟ್ ಅಂದರೆ ಪಳಪಳ ಹೊಳೆಯುವ ಬೆಳ್ಳಿ ಬಣ್ಣ, ಗೋಡೆ ಅಂದರೆ ಈಗ ತಾನೇ ಸುಣ್ಣ ಬಳಿದ ಹಾಗೆ. ಇಲ್ಲಿ ನೋಡಿ, ಹ್ಯಾನ್ ಸೋಲೋನ ನೌಕೆಗೆ ಮಸಿ ಹಿಡಿದಿದೆ, ರಿಪೇರಿ ಬಾಕಿ ಇದೆ. ರೋಬೋಟ್ ಮೈ ಮೇಲೆ ಗೀರು, ಧೂಳು. ಕಥಾನಾಯಕ ಲ್ಯೂಕ್‌ನ ಚಿಕ್ಕಪ್ಪ ಮರುಭೂಮಿಯಲ್ಲಿ ಗಾಳಿಯ ತೇವ ಹಿಡಿದು ಬೇಸಾಯ ಮಾಡುವವನು. ರೋಬೋಟ್ ಕೊಳ್ಳುವಾಗ ಸಂತೆಯಲ್ಲಿ ಎತ್ತು ನೋಡುವ ಹಾಗೆ ಚೌಕಾಸಿ ಮಾಡುತ್ತಾನೆ. ಆ ಲೋಕದಲ್ಲಿ ಜನ ಬಹಳ ಕಾಲದಿಂದ ಬದುಕುತ್ತಿದ್ದಾರೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ, ಗೊತ್ತಾಗುತ್ತದೆ.

ಲ್ಯೂಕ್ ಎರಡು ಸೂರ್ಯ ಮುಳುಗುವುದನ್ನು ನೋಡುತ್ತಾ ನಿಲ್ಲುವ ದೃಶ್ಯದಲ್ಲಿ ಒಂದೂ ಮಾತಿಲ್ಲ. ಊರು ಬಿಟ್ಟು ಹೋಗಬೇಕು ಅಂತ ಆಸೆ ಇದ್ದೂ ಮನೆಯ ಕೆಲಸಕ್ಕೆ ಕಟ್ಟಿಬಿದ್ದ ಯಾವ ಹುಡುಗನಿಗೆ ಅದು ಅರ್ಥವಾಗುವುದಿಲ್ಲ ಹೇಳಿ? ನನಗೆ ಅರ್ಥವಾಗಿತ್ತು. ನನ್ನ ಜೊತೆ ಬಂದದ್ದು ಅದು.

ಹಳೇ_ರೇಡಿಯೋ

ನಾನು ಕಿವಿಯಿಂದ ಸಿನಿಮಾ ನೋಡುವವನು. ಆದ್ದರಿಂದ ಇಬ್ಬರಿಗೂ ಸೇರಿಸಿ ಒಂದು ಮಾತು.

ಬೆಂಕಿಪೊಟ್ಟಣ ಹೇಳಿದ ಲೋಕದ ಅರ್ಧ ಭಾಗ ಕಟ್ಟಿದ್ದು ಶಬ್ದ. ಬೆನ್ ಬರ್ಟ್ ಅನ್ನುವವರು ಸ್ಟಾರ್ ವಾರ್ಸ್‌ಗೆ ಶಬ್ದ ಮಾಡಿದರು. ಶತ್ರುಗಳ ಚಿಕ್ಕ ಯುದ್ಧನೌಕೆ ಚೀರಿಕೊಂಡು ಹೋಗುತ್ತದಲ್ಲ, ಅದರಲ್ಲಿ ಆನೆಯ ಘೀಳು ಇದೆ, ಒದ್ದೆ ರಸ್ತೆಯಲ್ಲಿ ಕಾರು ಹೋಗುವ ಸದ್ದು ಇದೆ. ಬೆಳಕಿನ ಕತ್ತಿಯ ಗುಂಯ್ ಅನ್ನುವ ನಾದ ಹಳೇ ಪ್ರೊಜೆಕ್ಟರ್ ಮೋಟರ್‌ದು, ಜೊತೆಗೆ ಟಿವಿ ಪಿಕ್ಚರ್ ಟ್ಯೂಬಿನ ಕಿರಿಕಿರಿ. ಎಲ್ಲವೂ ನಮ್ಮ ಸುತ್ತಲಿನ ಸದ್ದುಗಳೇ. ಅದಕ್ಕೇ ಕಿವಿ ನಂಬುತ್ತದೆ.

ಆದರೆ ನನ್ನ ಮನಸ್ಸು ಇರುವುದು ಡಾಕ್ಟರ್ ಹೂ ಹತ್ತಿರ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವವನ ಬ್ರಿಟಿಷ್ ಸೀರಿಯಲ್. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾಯಿತು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ. ಆ ಗಲಾಟೆಯಲ್ಲಿ ತುಂಬಾ ಜನ ನೋಡಲಾಗಲಿಲ್ಲ ಅಂತ ಮುಂದಿನ ವಾರ ಮೊದಲ ಕಂತನ್ನು ಇನ್ನೊಮ್ಮೆ ಹಾಕಿ, ಆಮೇಲೆ ಎರಡನೆಯದನ್ನು ಹಾಕಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಹುಟ್ಟಿದ್ದು ನಮ್ಮ ಲಖನೌದಲ್ಲಿ.

ಅದರ ಶೀರ್ಷಿಕೆ ಸಂಗೀತವನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ರಾನ್ ಗ್ರೇನರ್ ರಾಗ ಬರೆದುಕೊಟ್ಟರು. ಅದನ್ನು ನಾವು ಕೇಳುವ ರೂಪಕ್ಕೆ ತಂದವರು ಬಿಬಿಸಿಯ ಶಬ್ದ ಪ್ರಯೋಗಗಳ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್. ಆಗ ಅವರ ಕೈಯಲ್ಲಿ ಸಿಂಥಸೈಜರ್ ಇರಲಿಲ್ಲ. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಟೇಪಿಗೆ ಹಿಡಿದು, ವೇಗ ಬದಲಿಸಿ ಶ್ರುತಿಗೆ ತಂದು, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಮಾಡಿದ್ದು. ಗ್ರೇನರ್ ಅವರೇ ಆಕೆಗೂ ಹೆಸರು ಸಲ್ಲಬೇಕು ಅಂದರು, ಸಂಸ್ಥೆಯ ನಿಯಮ ಬಿಡಲಿಲ್ಲ. ಧಾರಾವಾಹಿಯ ಪರದೆ ಮೇಲೆ ಆಕೆಯ ಹೆಸರು ಬಂದದ್ದು 2013ರ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಇದು ನನಗೆ ಈಗಲೂ ಸಂಕಟದ ವಿಷಯ.

ಅದರ ಕಾಲಯಂತ್ರ, ಟಾರ್ಡಿಸ್ ಎಂಬ ನೀಲಿ ಪೆಟ್ಟಿಗೆ, ಮಾಯವಾಗುವಾಗಿನ ಉಸಿರೆಳೆದ ಹಾಗಿನ ಸದ್ದಿದೆಯಲ್ಲ, ಅದು ಬ್ರಯಾನ್ ಹಾಡ್ಜ್‌ಸನ್ ಮಾಡಿದ್ದು. ಮನೆಯ ಬೀಗದ ಕೈ ತಗೊಂಡು ಹಳೇ ಪಿಯಾನೋದ ತಂತಿ ಮೇಲೆ ಗೀರಿ ಎಳೆದರು. ಶರಾವತಿ ಸರ್, ದುಡ್ಡಿಲ್ಲದಾಗ ಭಾರ ಬರೆಯುವವರ ಮೇಲೆ ಬೀಳುತ್ತದೆ ಅಂದಿರಿ. ಇವರ ಮೇಲೂ ಬಿತ್ತು. ಅದನ್ನೂ ಸೇರಿಸಿಕೊಳ್ಳಿ.

ಶರಾವತಿ_ತೀರ

ಸೇರಿಸಿಕೊಂಡೆ ಸರ್. ಬೀಗದ ಕೈ ವಿಷಯ ಗೊತ್ತೇ ಇರಲಿಲ್ಲ. ಆ ಕಾಲದ ಡಾಕ್ಟರ್ ಹೂ ಕಂತುಗಳಲ್ಲಿ ಎಷ್ಟೋ ಈಗ ಸಿಗುವುದಿಲ್ಲ ಅಂತ ಓದಿದ್ದೆ. ಅದು ನಿಜವಾ?

ಬೆಂಕಿಪೊಟ್ಟಣ, ಎರಡು ಸೂರ್ಯನ ದೃಶ್ಯದ ಬಗ್ಗೆ ನೀವು ಹೇಳಿದ್ದು ನ್ಯಾಯವಾಗಿದೆ. ಆ ಜಾಗದಲ್ಲಿ ನನಗೂ ಸಿನಿಮಾ ಇಷ್ಟವೇ. ನನ್ನ ತಕರಾರು ಆಮೇಲಿನದು. ಆಲ್ಡರಾನ್ ಅನ್ನುವ ಇಡೀ ಗ್ರಹ ಪುಡಿಯಾಗುತ್ತದೆ. ರಾಜಕುಮಾರಿ ಲೇಯಾ ಬೆಳೆದ ನೆಲ ಅದು. ಆಕೆ ಅದಕ್ಕಾಗಿ ಅಳುವುದಕ್ಕೂ ಕಥೆ ಪುರುಸೊತ್ತು ಕೊಡುವುದಿಲ್ಲ. ಸ್ಟಾರ್ ಟ್ರೆಕ್‌ನಲ್ಲಿ ಒಡೆದ ಕೆಲವು ಮೊಟ್ಟೆಗಳಿಗಾಗಿ ಒಂದು ಕಂತು ಪೂರ್ತಿ ನಿಂತುಬಿಡುತ್ತದೆ. ನನಗೆ ಬೇಕಾದದ್ದು ಈ ನಿಲ್ಲುವಿಕೆ.

ಹಳೇ_ರೇಡಿಯೋ

ನಿಜ. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಬಿಬಿಸಿ ಹತ್ತಿರ ಇಲ್ಲ. ವಿಡಿಯೋ ಟೇಪ್ ಆಗ ತುಂಬಾ ದುಬಾರಿ, ಒರೆಸಿ ಮತ್ತೆ ಬಳಸುತ್ತಿದ್ದರು. ಮರುಪ್ರಸಾರಕ್ಕೆ ಕಲಾವಿದರ ಒಪ್ಪಂದವೂ ಅಡ್ಡ ಬರುತ್ತಿತ್ತು. ಮನೆಯಲ್ಲಿ ವಿಡಿಯೋ ನೋಡುವ ಕಾಲ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ವಿದೇಶಕ್ಕೆ ಮಾರಿದ್ದ ಫಿಲ್ಮ್ ಪ್ರತಿಗಳು ಆಗಾಗ ಸಿಗುತ್ತಿರುತ್ತವೆ. 2013ರಲ್ಲಿ ನೈಜೀರಿಯಾದಲ್ಲಿ ಸಿಕ್ಕ ಒಂಬತ್ತು ಕಂತುಗಳ ಸುದ್ದಿ ದೊಡ್ಡದಾಯಿತು.

ಆದರೆ ಕಳೆದುಹೋದ ಕಂತುಗಳೆಲ್ಲದರ ಧ್ವನಿ ಉಳಿದಿದೆ. ಒಂದೂ ಬಿಟ್ಟುಹೋಗಿಲ್ಲ. ಆ ಕಾಲದ ಹುಡುಗರು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿದ್ದರು. ಆ ಧ್ವನಿಯ ಮೇಲೆ ಈಗ ಕೆಲವಕ್ಕೆ ಅನಿಮೇಷನ್ ಚಿತ್ರ ಕೂರಿಸಿದ್ದಾರೆ. ನಾನು ಸುಮ್ನೆ ಧ್ವನಿಯನ್ನೇ ಕೇಳುತ್ತೇನೆ.

ಕಡಲ_ಹಕ್ಕಿ

ಕಾರವಾರದಿಂದ ನಮಸ್ಕಾರ. ಚರ್ಚೆ ಪೂರ್ತಿ ಇಂಗ್ಲಿಷಿನವರ ಸುತ್ತಲೇ ತಿರುಗುತ್ತಿದೆ. ಜಪಾನ್ ಕಡೆ ಸ್ವಲ್ಪ ನೋಡೋಣವಾ?

1954ರ ಗಾಡ್ಜಿಲ್ಲಾ. ದೊಡ್ಡ ಪ್ರಾಣಿ ಊರು ತುಳಿಯುವ ಸಿನಿಮಾ, ಮಕ್ಕಳಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಮೊದಲನೆಯದನ್ನು ನೋಡಿದವರು ಹಾಗೆ ಹೇಳುವುದಿಲ್ಲ. ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬೂದಿ ಮಳೆಯ ಹಾಗೆ ಬಿತ್ತು. ಮೀನುಗಾರರೆಲ್ಲ ಕಾಯಿಲೆ ಬಿದ್ದರು, ರೇಡಿಯೋ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಸಿನಿಮಾ ನವೆಂಬರ್ 3ಕ್ಕೆ ಬಿಡುಗಡೆ. ಶುರುವಾಗುವುದೇ ಸಮುದ್ರದ ನಡುವೆ ಒಂದು ಹಡಗು ಬೆಳಕಿನಲ್ಲಿ ಸುಟ್ಟುಹೋಗುವುದರಿಂದ. ಆಗ ಥಿಯೇಟರಿನಲ್ಲಿ ಕೂತ ಜಪಾನಿಗೆ ಅದು ಏನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಮುದ್ರವನ್ನೇ ನಂಬಿದ ಮನೆಯಲ್ಲಿ ಬೆಳೆದ ನನಗೂ ಆ ದೃಶ್ಯ ಬೇರೆ ಥರ ತಟ್ಟುತ್ತದೆ.

ಟೋಕಿಯೋ ಉರಿಯುವಾಗ ಬೀದಿ ಬದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು ಕುಕ್ಕರಿಸಿದ್ದಾಳೆ. ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಅನ್ನುತ್ತಾಳೆ. ಗಂಡ ಯುದ್ಧದಲ್ಲಿ ಸತ್ತಿದ್ದಾನೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಕೆಲವೇ ಕ್ಷಣದ ದೃಶ್ಯ, ಆಮೇಲೆ ಅವರನ್ನು ತೋರಿಸುವುದಿಲ್ಲ. ಕೊನೆಗೆ ಗಾಡ್ಜಿಲ್ಲಾನನ್ನು ಕೊಲ್ಲುವ ಅಸ್ತ್ರ ಸೆರಿಜಾವಾ ಎಂಬ ವಿಜ್ಞಾನಿಯ ಹತ್ತಿರ ಇರುತ್ತದೆ. ಅದು ಬಾಂಬಿಗಿಂತ ಕೆಟ್ಟದ್ದು. ಒಮ್ಮೆ ಬಳಸಿದರೆ ಜಗತ್ತಿನ ಸರ್ಕಾರಗಳು ಬಿಡುವುದಿಲ್ಲ ಅಂತ ಆತನಿಗೆ ಗೊತ್ತು. ಕಾಗದವನ್ನೆಲ್ಲ ಸುಡುತ್ತಾನೆ, ಅಸ್ತ್ರದ ಜೊತೆ ತಾನೂ ನೀರಿನಲ್ಲಿ ಉಳಿದುಬಿಡುತ್ತಾನೆ.

ಶರಾವತಿ ಸರ್, ಇಲ್ಲಿ ತೋರಿಸುವುದೂ ಇದೆ, ನಿಲ್ಲುವುದೂ ಇದೆ. ದುಡ್ಡಿದ್ದರೆ ಕಥೆ ತೆಳುವಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ಜಪಾನಿ ಸಿನಿಮಾಗಳ ಮಟ್ಟಿಗೆ ಆಗ ಇದು ಭಾರೀ ಖರ್ಚಿನದು.

(ಹಳೇ_ರೇಡಿಯೋ ಅವರಿಗೆ: ಗಾಡ್ಜಿಲ್ಲಾನ ಕೂಗು ಸಂಗೀತಗಾರ ಅಕಿರಾ ಇಫುಕುಬೆ ಅವರದು. ಡಬಲ್ ಬಾಸ್ ವಾದ್ಯದ ತಂತಿ ಸಡಿಲ ಮಾಡಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿದ್ದು. ನಿಮಗೆ ಬೇಕಾಗುತ್ತದೆ ಅಂತ ಹೇಳಿದೆ.)

ಹುಬ್ಬಳ್ಳಿ_ಹುಡುಗಿ

ಎಲ್ಲಾರೂ ಭಾಳ ಚಂದ ಬರದೀರಿ. ನಾನೂ ಹಳೇ ಸ್ಟಾರ್ ಟ್ರೆಕ್ ಪ್ರೀತಿಸುವವಳು. ಆದರೆ ಪ್ರೀತಿ ಇದ್ದಲ್ಲಿ ಲೆಕ್ಕವೂ ಕೇಳಬೇಕಲ್ರೀ.

ನೌಕೆಯ ಅಧಿಕಾರಿ ಉಹುರಾ ಪಾತ್ರ ಮಾಡಿದ ಕಪ್ಪು ಜನಾಂಗದ ನಟಿ ನಿಚೆಲ್ ನಿಕಲ್ಸ್ ಮೊದಲ ವರ್ಷ ಮುಗಿದಾಗ ಬಿಟ್ಟು ಹೋಗಲು ತಯಾರಾಗಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಒಂದು ಸಮಾರಂಭದಲ್ಲಿ ಸಿಕ್ಕು, ಬಿಡಬೇಡಿ, ಈ ಪಾತ್ರದಿಂದ ಜಗತ್ತು ನಮ್ಮನ್ನು ಬೇರೆ ಥರ ನೋಡುತ್ತಿದೆ ಅಂತ ತಡೆದರು ಎಂದು ಅವರು ತುಂಬಾ ಸಲ ಹೇಳಿಕೊಂಡಿದ್ದಾರೆ. ಆಮೇಲೆ 1977ರಲ್ಲಿ ನಾಸಾಗೆ ಹೆಣ್ಣುಮಕ್ಕಳು, ಕಪ್ಪು ಜನಾಂಗದವರು ಅರ್ಜಿ ಹಾಕುವಂತೆ ಮಾಡಲು ಅವರೇ ಊರೂರು ತಿರುಗಿದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೇ ಜೆಮಿಸನ್ ಚಿಕ್ಕಂದಿನಲ್ಲಿ ಉಹುರಾಳನ್ನು ನೋಡಿ ಬೆಳೆದವರು. ಒಂದು ಸೀರಿಯಲ್‌ನಿಂದ ಇಷ್ಟು ಆಗುತ್ತದೆ ಅನ್ನುವುದು ಸಣ್ಣ ಮಾತಲ್ಲ.

ಅದೇ ಸ್ಟಾರ್ ಟ್ರೆಕ್‌ನ ಕಟ್ಟಕಡೆಯ ಕಂತು, 1969ರ ಜೂನ್‌ನದು, ನೋಡಿ. ನೌಕೆಯ ಕ್ಯಾಪ್ಟನ್ ಆಗಲು ಹೆಣ್ಣಿಗೆ ಅವಕಾಶ ಇಲ್ಲ ಅಂತ ಒಬ್ಬ ವಿಜ್ಞಾನಿ ಹೆಂಗಸು ಹೇಳುತ್ತಾಳೆ. ಕಥೆ ಅವಳನ್ನು ಹುಚ್ಚಿ ಮಾಡಿ ಮುಗಿಸುತ್ತದೆ. ಕಲ್ಲಿನ ಪ್ರಾಣಿಯ ನೋವನ್ನು ಕೇಳಿಸಿಕೊಂಡ ಜನ ಇವಳ ಮಾತಿಗೆ ಕಿವಿ ಕೊಡಲಿಲ್ಲ. ಇನ್ನೂರು ಮುನ್ನೂರು ವರ್ಷ ಮುಂದಿನ ಕಥೆ ಬರೆಯುತ್ತಾ ಇದೊಂದನ್ನು ತಮ್ಮ ಕಾಲದಲ್ಲೇ ಬಿಟ್ಟರು. ನನಗೆ ಇದರಿಂದ ಸೀರಿಯಲ್ ಮೇಲಿನ ಪ್ರೀತಿ ಹೋಗಲಿಲ್ಲ. ಆದರೆ ‘ಕ್ಲಾಸಿಕ್’ ಅಂತ ಕೈಮುಗಿಯುವಾಗ ಇದನ್ನೂ ನೋಡಿಯೇ ಮುಗಿಯುತ್ತೇನೆ.

ಹಂಗ ನೋಡಿದರೆ 1979ರ ಏಲಿಯನ್, ಆಕಾಶನೌಕೆಯೊಳಗೆ ಅನ್ಯಗ್ರಹದ ಪ್ರಾಣಿ ಸೇರಿಕೊಳ್ಳುವ ಸಿನಿಮಾ, ನನಗೆ ಜಾಸ್ತಿ ಹತ್ತಿರ. ನೌಕೆಯ ಅಧಿಕಾರಿ ರಿಪ್ಲಿ ಹೆಣ್ಣು ಅಂತ ಅಲ್ಲಿ ಯಾರೂ ಮಾತಾಡುವುದೇ ಇಲ್ಲ. ಸೋಂಕು ತಗುಲಿರಬಹುದಾದವನನ್ನು ಒಳಗೆ ಬಿಡಬಾರದು ಅನ್ನುವ ನಿಯಮ ಅವಳು ಹೇಳುತ್ತಾಳೆ. ಅದನ್ನು ಕೇಳಿದ್ದರೆ ಎಲ್ಲರೂ ಬದುಕುತ್ತಿದ್ದರು. ಆ ನೌಕೆಯವರು ಸಂಬಳ, ಬೋನಸ್ ಅಂತ ಊಟದ ಮೇಜಿನ ಮೇಲೆ ಜಗಳ ಆಡುತ್ತಾರಲ್ಲ, ಅಲ್ಲೇ ನನಗೆ ಇವರು ನಮ್ಮವರು ಅನ್ನಿಸಿತು.

ಶರಾವತಿ_ತೀರ

ಅಕ್ಕ, ಆ ಕಡೆಯ ಕಂತನ್ನು ನಾನು ಸಪ್ಪೆ ಅಂತ ದಾಟಿಸಿದ್ದೆ. ನೀವು ಹೇಳಿದ ಮೇಲೆ ಈ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕು. ಏಲಿಯನ್ ನನ್ನ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಒಂದೇ ಕಾರಣ, ರಕ್ತ ನನಗೆ ಆಗುವುದಿಲ್ಲ. ಊಟದ ಮೇಜಿನ ಎರಡನೇ ದೃಶ್ಯ ಬಂದಾಗ ಎದ್ದು ಹೋಗಿದ್ದೆ.

ಕಡಲ ಹಕ್ಕಿಯವರೇ, ಲೆಕ್ಕ ಕೂಡುವುದಿಲ್ಲ ಅಂದಿರಿ. ಒಪ್ಪಿದೆ. ದುಡ್ಡು ಇದ್ದರೂ ನಿಲ್ಲುವ ಧೈರ್ಯ ಇದ್ದರೆ ಸಾಕು ಅಂತ ತಿದ್ದಿ ಓದಿಕೊಳ್ಳಿ. ಆ ತಾಯಿಯ ದೃಶ್ಯಕ್ಕಾಗಿ ಈ ವಾರವೇ ಗಾಡ್ಜಿಲ್ಲಾ ನೋಡುತ್ತೇನೆ.

ನಿಧಾನಪ್ರಿಯ

ನಿಲ್ಲುವ ಧೈರ್ಯ ಅಂದಿರಲ್ಲ, ಹಾಗಾದರೆ 2001 ಮೇಲೆ ನಿಮಗೆ ಪ್ರೀತಿ ಬರಲೇಬೇಕು. ಇಷ್ಟು ಹೊತ್ತು ಓದುತ್ತಾ ಕೂತಿದ್ದವನು ಇದಕ್ಕಾಗಿ ಬರೆಯುತ್ತಿದ್ದೇನೆ.

1968ರ ಈ ಸಿನಿಮಾದಲ್ಲಿ ಮೊದಲ ಮಾತು ಕೇಳಿಸಲು ಸುಮಾರು 25 ನಿಮಿಷ ಕಾಯಬೇಕು. ನೌಕೆಯೊಳಗಿನ ತಿರುಗುವ ಕೋಣೆಗಾಗಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರಿಂಗ್ ಕಂಪನಿಯಿಂದ 38 ಅಡಿ ವ್ಯಾಸದ, 30 ಟನ್ ತೂಕದ ಚಕ್ರ ಮಾಡಿಸಿದರು. ಅದೊಂದಕ್ಕೇ 7.5 ಲಕ್ಷ ಡಾಲರ್. ಅಷ್ಟು ದುಡ್ಡು ಸುರಿದು ನಿರ್ದೇಶಕ ಕೂಬ್ರಿಕ್ ತೋರಿಸಿದ್ದೇನು? ಒಬ್ಬ ಮನುಷ್ಯ ಒಬ್ಬನೇ ಸುತ್ತು ಓಡುವುದನ್ನು. ಬೇರೆ ಯಾರೇ ಆಗಿದ್ದರೂ ಅಲ್ಲಿ ಒಂದು ಹೊಡೆದಾಟ ಇಡುತ್ತಿದ್ದರು. ಆ ಓಟ ನೋಡಿದರೆ ಸಾಕು, ಅಷ್ಟು ದೂರದಲ್ಲಿ ದಿನ ಕಳೆಯುವುದು ಎಂಥ ಒಂಟಿತನ ಅಂತ ಗೊತ್ತಾಗುತ್ತದೆ.

ನೌಕೆ ನಡೆಸುವ ಹ್ಯಾಲ್ ಎಂಬ ಕಂಪ್ಯೂಟರನ್ನು ಗಗನಯಾತ್ರಿ ಬೋಮನ್ ಆರಿಸುವ ಭಾಗಕ್ಕೆ ಬನ್ನಿ. ಮೆದುಳಿನ ತುಂಡುಗಳನ್ನು ಸ್ಕ್ರೂ ತಿರುಗಿಸಿ ಒಂದೊಂದಾಗಿ ಹೊರಗೆ ಎಳೆಯುತ್ತಾನೆ. ಕೇಳಿಸುವುದು ಬೋಮನ್‌ನ ಉಸಿರು, ಹ್ಯಾಲ್‌ನ ದನಿ, ಅಷ್ಟೇ. ಹ್ಯಾಲ್ ನನಗೆ ಭಯವಾಗುತ್ತಿದೆ ಅನ್ನುತ್ತದೆ. ದನಿ ನಿಧಾನವಾಗುತ್ತಾ ‘ಡೇಸಿ ಬೆಲ್’ ಎಂಬ ಹಳೇ ಹಾಡು ಹಾಡುತ್ತದೆ. 1960ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನ ಕಂಪ್ಯೂಟರ್ ಹಾಡಿದ್ದೂ ಅದೇ ಹಾಡು. ಈ ಸಿನಿಮಾದ ಕಥೆ ಬರೆದವರಲ್ಲಿ ಒಬ್ಬರಾದ ಆರ್ಥರ್ ಕ್ಲಾರ್ಕ್ ಅಲ್ಲಿಗೆ ಹೋದಾಗ ಕೇಳಿಸಿಕೊಂಡಿದ್ದರು. ಇಡೀ ಸಿನಿಮಾದಲ್ಲಿ ಜೀವಕ್ಕಾಗಿ ಬೇಡಿಕೊಳ್ಳುವುದು ಯಂತ್ರ ಒಂದೇ. ಕಲ್ಲಿನ ಪ್ರಾಣಿಗೆ ಮರುಗುವ ನೀವು ಹ್ಯಾಲ್‌ಗೆ ಮರುಗದೆ ಇರಲಾರಿರಿ.

ಇನ್ನೊಂದು ಹೇಳಿಬಿಡುತ್ತೇನೆ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ ಅವರ 1972ರ ಸೊಲಾರಿಸ್. ಒಂದು ಗ್ರಹದ ಸಮುದ್ರ ಮನುಷ್ಯರ ನೆನಪನ್ನು ಓದಿ, ಸತ್ತವರನ್ನು ಮಾಡಿ ಕಳಿಸುತ್ತದೆ. ಕ್ರಿಸ್ ಎಂಬ ಮನಶ್ಶಾಸ್ತ್ರಜ್ಞನ ಹತ್ತಿರ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಹರಿ ಬರುತ್ತಾಳೆ. ಅವಳ ಉಡುಪಿನ ಬೆನ್ನಿನ ದಾರ ಬಿಚ್ಚಲು ಹೋದರೆ ಅದು ಬಿಚ್ಚುವ ದಾರವೇ ಅಲ್ಲ, ಸುಮ್ನೆ ಹೊಲಿದದ್ದು. ಕತ್ತರಿ ತಂದು ಬಟ್ಟೆ ಕತ್ತರಿಸಬೇಕಾಗುತ್ತದೆ. ಯಾಕೆ ಗೊತ್ತಾ? ಅವನ ನೆನಪಿನಲ್ಲಿ ಉಡುಪು ಇತ್ತು, ಅದು ಹೇಗೆ ಬಿಚ್ಚುತ್ತದೆ ಅನ್ನುವುದು ಇರಲಿಲ್ಲ. ಹೆಂಡತಿಯನ್ನು ಅವನು ಎಷ್ಟು ನೋಡಿದ್ದ, ಎಷ್ಟು ನೋಡಿರಲಿಲ್ಲ ಅನ್ನುವುದು ಆ ಕತ್ತರಿಯಲ್ಲಿ ಬಂದುಹೋಗುತ್ತದೆ. ಗ್ರಾಫಿಕ್ಸ್ ಬೇಕಾಗಲಿಲ್ಲ.

ಬೆಂಕಿಪೊಟ್ಟಣ

ನಿಧಾನಪ್ರಿಯ ಸರ್, ಸೊಲಾರಿಸ್‌ನಲ್ಲಿ ಕಾರು ರಸ್ತೆ ಮೇಲೆ ಹೋಗ್ತಾನೇ ಇರುತ್ತದಲ್ಲ, ಅದು ಯಾಕೆ ಅಂತ ಹೇಳಿ. ಟೋಕಿಯೋ ಫ್ಲೈಓವರ್‌ಗಳಲ್ಲಿ ತೆಗೆದದ್ದು ಅಂತ ಗೊತ್ತು. ನೋಡುವವರಿಗೆ ಅದರಿಂದ ಸಿಗುವುದೇನು? ನಾನು ಕೆಣಕುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನಿಧಾನಪ್ರಿಯ

ಅದಕ್ಕೆ ಮೊದಲು ಕ್ರಿಸ್‌ನ ಅಪ್ಪನ ಮನೆ ಇದೆ. ಕೆರೆ, ಮಂಜು, ನೀರೊಳಗೆ ಅಲ್ಲಾಡುವ ಹುಲ್ಲು, ಒಂದು ಕುದುರೆ. ಆಮೇಲೆ ಈ ರಸ್ತೆ. ಸುರಂಗ, ದೀಪ, ಸದ್ದು, ಒಂದರ ಮೇಲೊಂದು. ಸದ್ದು ಏರಿ ಏರಿ ತಡೆಯಲಾರದಷ್ಟು ಆದಾಗ ಥಟ್ಟನೆ ಮತ್ತೆ ಆ ಮನೆ, ಸಂಜೆ. ಮನುಷ್ಯ ಭೂಮಿ ಬಿಡುವ ಮೊದಲೇ ಭೂಮಿಯಿಂದ ದೂರ ಆಗಿದ್ದಾನೆ ಅಂತ ನನಗೆ ಅಲ್ಲಿ ಅನ್ನಿಸುತ್ತದೆ. ನಿಮಗೆ ಹಾಗೆ ಅನ್ನಿಸದಿದ್ದರೆ ಆ ಭಾಗ ಉದ್ದವೇ, ಅದರಲ್ಲಿ ತಪ್ಪಿಲ್ಲ.

ಭಾನುವಾರದ_ಬೆಳಗ್ಗೆ

ನಮ್ಮ ವಯಸ್ಸಿನವರು ಯಾರೂ ಬರಲಿಲ್ಲವಾ? ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಗಳು ಕಡಿಮೆ, ಆದ್ದರಿಂದ ಒಂದೇ ಮನೆಯ ಜಗಲಿ ತುಂಬಾ ಮಕ್ಕಳು. ಆ ಇಂಗ್ಲಿಷ್ ನಮಗೆ ಅರ್ಥವಾಗುತ್ತಿರಲಿಲ್ಲ. ಸ್ಪಾಕ್ ಹುಬ್ಬು ಏರಿಸಿದರೆ ಸಾಕಿತ್ತು. ಅವರ ಆ ಬೆರಳು ಬಿಡಿಸುವ ನಮಸ್ಕಾರ ಮಾಡಲು ಎಲ್ಲರೂ ಕಲಿತಿದ್ದೆವು. ಲೆನಾರ್ಡ್ ನಿಮೋಯ್ ಚಿಕ್ಕಂದಿನಲ್ಲಿ ಯಹೂದಿ ಪುರೋಹಿತರು ಆಶೀರ್ವಾದ ಮಾಡುವಾಗ ಕೈ ಹಿಡಿಯುತ್ತಿದ್ದ ರೀತಿ ಕಂಡಿದ್ದರು, ಅಲ್ಲಿಂದ ತಂದದ್ದು ಅಂತ ಆಮೇಲೆ ಓದಿದೆ. ಜಪಾನಿನ ಜೈಂಟ್ ರೋಬೋಟ್ ಕೂಡ ಆಗ ಬರುತ್ತಿತ್ತು, ಅದು ಹುಡುಗರ ಪ್ರಾಣ.

1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ತಲೆ ಬೋಳಿಸಿಕೊಂಡು ಇಲಿಯಾ ಪಾತ್ರ ಮಾಡಿದ ಪರ್ಸಿಸ್ ಖಂಬಾಟಾ ನಮ್ಮವರು, 1965ರ ಮಿಸ್ ಇಂಡಿಯಾ. ಸಿನಿಮಾ ಎಳೆದಾಟ, ಒಪ್ಪುತ್ತೇನೆ. ಆಕೆಗಾಗಿ ನೋಡಬಹುದು.

ನಮ್ಮ ಕಡೆಯದು ಅಂದರೆ ನನಗೆ ಆದಿತ್ಯ 369. ತೆಲುಗು, 1991. ಸಿಂಗೀತಂ ಶ್ರೀನಿವಾಸ ರಾವ್ ಅವರದು, ಕನ್ನಡದಲ್ಲಿ ಹಾಲು ಜೇನು, ಚಲಿಸುವ ಮೋಡಗಳು ಕೊಟ್ಟವರು. ಕಾಲಯಂತ್ರ ಹತ್ತಿ ಹೋದವರು ಇಳಿಯುವುದು ಕೃಷ್ಣದೇವರಾಯನ ವಿಜಯನಗರದಲ್ಲಿ. ಅಲ್ಲಿಂದ 2504ಕ್ಕೆ ಹೋಗುತ್ತಾರೆ, ಆಗ ಭೂಮಿಯ ಮೇಲೆ ವಿಕಿರಣ ಹರಡಿ ಜನ ನೆಲದಡಿ ಸೇರಿರುತ್ತಾರೆ. ಭವಿಷ್ಯದ ಭಾಗ ನನಗೆ ಅಷ್ಟಕ್ಕಷ್ಟೇ. ಆದರೆ ಹಂಪಿಯ ಮುರಿದ ಕಲ್ಲು ನೋಡಿಕೊಂಡು ಬೆಳೆದವಳಿಗೆ ಆ ಊರು ತುಂಬಿ ತುಳುಕುವುದನ್ನು ಪರದೆ ಮೇಲೆ ನೋಡುವುದು ಏನು ಅಂತ ನಾನು ವಿವರಿಸಬೇಕಿಲ್ಲ. ಕಾಲಯಂತ್ರ ಇದ್ದರೆ ನಮ್ಮ ಕಡೆಯವರು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಹೊಸಬ_22

ಎಲ್ಲರೂ ಬರೆದದ್ದು ಓದಿದೆ, ಯಾವುದನ್ನೂ ನೋಡಿಲ್ಲ. ತಂಗಿ ಏಳನೇ ಕ್ಲಾಸ್. ಇಬ್ಬರೂ ಕೂತು ನೋಡಲು ಎಲ್ಲಿಂದ ಶುರು ಮಾಡಲಿ? ಅವಳಿಗೆ ದೆವ್ವ, ರಕ್ತ ಅಂದರೆ ಹೆದರಿಕೆ.

ಹುಬ್ಬಳ್ಳಿ_ಹುಡುಗಿ

ಹಂಗಾದರೆ ಏಲಿಯನ್ ಈಗ ಬ್ಯಾಡ ತಮ್ಮಾ. ಅವಳು ದೊಡ್ಡವಳಾದ ಮೇಲೆ ತಾನೇ ಹುಡುಕಿ ನೋಡುತ್ತಾಳೆ. 1951ರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ ಹಾಕು. ಅನ್ಯಗ್ರಹದಿಂದ ಬಂದವನು ಒಂದು ಬಾಡಿಗೆ ಕೋಣೆ ಹಿಡಿದು, ಅಲ್ಲಿನ ಹುಡುಗನ ಜೊತೆ ಊರು ಸುತ್ತುತ್ತಾನೆ. ರೋಬೋಟ್ ಇದೆ, ರಕ್ತ ಇಲ್ಲ.

ಶರಾವತಿ_ತೀರ

ನಾನಾದರೆ ಮೊದಲು ‘ದಿ ಡೆವಿಲ್ ಇನ್ ದಿ ಡಾರ್ಕ್’ ಹಾಕುತ್ತೇನೆ. ಶುರುವಿನ ಐದು ನಿಮಿಷ ಸ್ವಲ್ಪ ಹೆದರಿಕೆ ಇದೆ, ಪಕ್ಕದಲ್ಲಿ ಕೂತಿರಿ. ಮೊಟ್ಟೆ ವಿಷಯ ಮೊದಲೇ ಹೇಳಬೇಡಿ, ಅವಳೇ ಕಂಡುಹಿಡಿಯಲಿ. ಟ್ವೈಲೈಟ್ ಝೋನ್‌ನಲ್ಲಿ ಮೇಪಲ್ ಬೀದಿಯದನ್ನು ತೋರಿಸಬಹುದು. ಓದುವ ಹುಚ್ಚಿನ ಬ್ಯಾಂಕ್ ಗುಮಾಸ್ತನ ಕಂತು ತುಂಬಾ ಒಳ್ಳೆಯದು, ಆದರೆ ಅವಳು ಪುಸ್ತಕ ಓದುವ ಹುಡುಗಿಯಾದರೆ ಕನ್ನಡಕ ಒಡೆಯುವ ಕೊನೆ ತಡೆದುಕೊಳ್ಳುವುದು ಕಷ್ಟ. ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಿ.

ನಿಧಾನಪ್ರಿಯ ಸರ್, 2001 ಮತ್ತೆ ಹಾಕುತ್ತಿದ್ದೇನೆ. ಈ ಸಲ ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿ ಇಟ್ಟು.

ಬೆಂಕಿಪೊಟ್ಟಣ

ಹೊಸಬ, ರಜೆ ಬಂದಾಗ ಸ್ಟಾರ್ ವಾರ್ಸ್ ಕೂಡ ಹಾಕಿ. 1977ರದನ್ನೇ ಮೊದಲು ನೋಡಿ. ಆಮೇಲೆ ತೆಗೆದ, ಕಥೆಯಲ್ಲಿ ಇದಕ್ಕಿಂತ ಮೊದಲು ನಡೆಯುವ ಭಾಗಗಳಿಂದ ಶುರು ಮಾಡಿದರೆ ಖಳನಾಯಕ ಡಾರ್ತ್ ವೇಡರ್ ಯಾರು ಅನ್ನುವುದು ಮೊದಲೇ ಗೊತ್ತಾಗಿಬಿಡುತ್ತದೆ.

ಕಡಲ_ಹಕ್ಕಿ

ಗಾಡ್ಜಿಲ್ಲಾ ಹುಡುಕುವವರಿಗೆ ಒಂದು ಸೂಚನೆ. 1956ರ ಅಮೆರಿಕನ್ ಆವೃತ್ತಿ ಬೇರೆ ಇದೆ. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನನ್ನಾಗಿ ಸೇರಿಸಿ, ಜಪಾನಿನವರ ಮಾತು ಎಷ್ಟೋ ಕತ್ತರಿಸಿದ್ದಾರೆ. ರೈಲಿನಲ್ಲಿ ಒಬ್ಬಳು ನಾಗಸಾಕಿಯಿಂದ ಉಳಿದು ಬಂದದ್ದನ್ನು ಹೇಳುವ ಮಾತು ಅದರಲ್ಲಿ ಇಲ್ಲ. ಸಬ್‌ಟೈಟಲ್ ಇರುವ 1954ರ ಜಪಾನಿ ಪ್ರತಿಯನ್ನೇ ನೋಡಿ.